ಅಭ್ಯಾಸಬಲದ ಕಾಟ, ಚೀಟಿಯ ಉಪಾಯ: ನಮ್ಮ ಓಟ–ಮಿದುಳು ಪ್ರಯೋಗ ಎಲ್ಲಿಗೆ ಬಂತು

ಗೆರೆ ಕೊನೆಗೂ ಮಟ್ಟಸವಾಯಿತು! ಓಟ ಶುರುವಾಗುವ ಮುಂಚೆಯೇ ಆರೂ ಜನರ ಫ್ಲಾಂಕರ್ (ಗಮನ ಅಳೆಯುವ ಪರೀಕ್ಷೆ) ಅಂಕಗಳು ಏರುವುದನ್ನು ನಿಲ್ಲಿಸಿದವು. ಅಂಕ ಏರದಿದ್ದಕ್ಕೆ ಇಷ್ಟು ಖುಷಿ ಏಕೆ ಎಂದು ಮನೆಯಲ್ಲಿ ಕೇಳಿದರು. ಇಂಥ ಅಳತೆಗೆ ಕೈ ಹಾಕಿದವರಿಗೆ ಹೇಳಬೇಕಾಗಿಲ್ಲ. ಈ ಸಪಾಟು ಗೆರೆ ಸಿಗುವವರೆಗೆ ಓಡಿದ್ದಕ್ಕೂ ಅರ್ಥವಿಲ್ಲ, ಅಳೆದಿದ್ದಕ್ಕೂ ಅರ್ಥವಿಲ್ಲ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾವು ಮೈಸೂರಿನ ಒಂದೇ ಕಚೇರಿಯವರು. ಮೂವತ್ತು ದಾಟಿದವರಿಂದ ಹಿಡಿದು ನಿವೃತ್ತಿಯ ಹತ್ತಿರ ಇರುವವರವರೆಗೆ ಇದ್ದೇವೆ. ಎಲ್ಲರದ್ದೂ ದಿನವಿಡೀ ಕುರ್ಚಿಯ ಕೆಲಸ. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಬೆಳಗ್ಗೆ ಓಟ, ಆಗದವರಿಗೆ ಚುರುಕು ನಡಿಗೆ. ಇದರಿಂದ ಗಮನ ಹಿಡಿದಿಡುವುದು, ಬೇಡದ್ದನ್ನು ಪಕ್ಕಕ್ಕೆ ತಳ್ಳುವುದು, ತಲೆಯಲ್ಲೇ ಇಟ್ಟುಕೊಂಡು ಲೆಕ್ಕ ಮಾಡುವುದು ಸುಧಾರಿಸುತ್ತದೆಯೇ? ಇಷ್ಟೇ ಪ್ರಶ್ನೆ. ನಾಡಿಬಡಿತದ ವಲಯಗಳು, ಅದನ್ನು ಅಳೆಯುವ ಎದೆಪಟ್ಟಿ, ಪರೀಕ್ಷೆ ನಡೆಸುವ ಸೈಕೋಪೈ ತಂತ್ರಾಂಶ ಹೊಂದಿಸುವುದು ಎಲ್ಲ ಹಳೆಯ ಓದುಗರಿಗೆ ಗೊತ್ತಿರುವುದೇ. ಅದನ್ನೆಲ್ಲ ದಾಟಿ ನೇರವಾಗಿ ಕಾಟಕ್ಕೆ ಬರುತ್ತೇನೆ.

ಕಾಟ ಏನೆಂದರೆ, ಯಾರೂ ಓಟ ಶುರು ಮಾಡುವ ಮುಂಚೆಯೇ ಎಲ್ಲರ ಮಿದುಳೂ ಚುರುಕಾಗತೊಡಗಿತು.

ಫ್ಲಾಂಕರ್ ಪರೀಕ್ಷೆ 1974ರಿಂದ ಇದೆ. ಪರದೆಯ ಮೇಲೆ ಐದು ಬಾಣ. ನಡುವಿನದು ಯಾವ ಕಡೆ ತೋರಿಸುತ್ತದೋ ಆ ಕಡೆಯ ಗುಂಡಿ ಒತ್ತಬೇಕು. ಅಕ್ಕಪಕ್ಕದ ಬಾಣಗಳು ಉಲ್ಟಾ ತೋರಿಸಿದಾಗ ಉತ್ತರ ತಡವಾಗುತ್ತದೆ. ಆ ತಡವೇ ನಮಗೆ ಬೇಕಾದ ಅಳತೆ. ಅದಕ್ಕೆ ನಾವು 'ಅಡ್ಡಿಯ ತೆರಿಗೆ' ಎಂದು ಹೆಸರಿಟ್ಟಿದ್ದೇವೆ. ತೆರಿಗೆ ಕಡಿಮೆಯಾದರೆ ಗಮನದ ಹಿಡಿತ ಬಿಗಿಯಾಗಿದೆ ಎಂದು ಅರ್ಥ. ಆದರೆ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದರೂ ತೆರಿಗೆ ಇಳಿಯುತ್ತದೆ! ಕೂತವರ ಕೈಯನ್ನು ಹತ್ತಿರದಿಂದ ನೋಡಿ, ಕಾರಣ ಗೊತ್ತಾಗುತ್ತದೆ. ಮೊದಮೊದಲು ಬೆರಳು ಗುಂಡಿಯ ಮೇಲೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಬಾಣ ಕಂಡ ಮೇಲೆ ಇಳಿಯುತ್ತದೆ. ಸ್ವಲ್ಪ ಅಭ್ಯಾಸವಾದ ಮೇಲೆ ಎರಡೂ ತೋರುಬೆರಳು ಗುಂಡಿಯ ಮೇಲೆ ಕೂತು, ಅದನ್ನು ಅರ್ಧ ಒತ್ತಿಕೊಂಡೇ ಕಾಯುತ್ತವೆ. ಕಣ್ಣು ಕೂಡ ನಡುವಿನ ಬಾಣ ಬರುವ ಜಾಗಕ್ಕೇ ಅಂಟಿಕೊಂಡಿರುತ್ತದೆ. ಅಕ್ಕಪಕ್ಕದ ಬಾಣಗಳು ಅಷ್ಟಾಗಿ ಕಾಡುವುದೇ ಇಲ್ಲ. ಇದರಲ್ಲಿ ಓಟದ ಪಾಲು ಏನೂ ಇಲ್ಲ.

ಎನ್-ಬ್ಯಾಕ್ ಎಂಬ ನೆನಪಿನ ಪರೀಕ್ಷೆಯ ಕಥೆ ಇನ್ನೂ ಕಷ್ಟ. ಎರಡು ಹೆಜ್ಜೆ ಹಿಂದೆ ಬಂದ ಅಕ್ಷರವೇ ಈಗ ಬಂತಾ ಎಂದು ಹೇಳಬೇಕು. ನಮ್ಮಲ್ಲಿ ಸಂಗೀತ ಕಲಿತವರೊಬ್ಬರು ಅಕ್ಷರಗಳನ್ನು ತಾಳಕ್ಕೆ ಕೂರಿಸಿಕೊಂಡರು. ತೊಡೆ ಮೇಲೆ ಆದಿತಾಳ ಹಾಕುತ್ತಾ ತಪ್ಪಿಲ್ಲದೆ ಮುಗಿಸಿದರು. ಲೆಕ್ಕಪತ್ರ ವಿಭಾಗದವರು ಅಕ್ಷರಗಳನ್ನು ಫೋನ್ ನಂಬರಿನಂತೆ ಗುಂಪು ಮಾಡಿಕೊಂಡರು. ಇಬ್ಬರ ಅಂಕವೂ ಜಿಗಿಯಿತು. ನೆನಪಿನ ಶಕ್ತಿ ಹೆಚ್ಚಿತೇ, ಉಪಾಯ ಸಿಕ್ಕಿತೇ? ನನ್ನ ಪ್ರಕಾರ ಉಪಾಯವೇ. ಪರೀಕ್ಷೆ ಬದಲಿಸಿ ಅಕ್ಷರದ ಬದಲು ಚೌಕದ ಜಾಗ ನೆನಪಿಡಲು ಹೇಳಿದರೆ ಇಬ್ಬರೂ ಮತ್ತೆ ನಮ್ಮೆಲ್ಲರ ಸಾಲಿಗೇ ಬರುತ್ತಾರೆ.

ಇದು ನಮ್ಮಂಥ ಹವ್ಯಾಸಿಗಳ ತಲೆನೋವು ಮಾತ್ರ ಅಲ್ಲ. ಈ ಕ್ಷೇತ್ರದ ದೊಡ್ಡ ಪ್ರಯೋಗಗಳೆಲ್ಲ ಇದರ ಜೊತೆಗೇ ಗುದ್ದಾಡಿವೆ. 1999ರಲ್ಲಿ ಆರ್ಥರ್ ಕ್ರೇಮರ್ ತಂಡ 60ರಿಂದ 75 ವಯಸ್ಸಿನ 124 ಜನರನ್ನು ತೆಗೆದುಕೊಂಡಿತು. ಅರ್ಧ ಜನರಿಗೆ ನಡಿಗೆ, ಇನ್ನರ್ಧ ಜನರಿಗೆ ಮೈ ಎಳೆಯುವ, ಹುರಿಗೊಳಿಸುವ ವ್ಯಾಯಾಮ. ಆರು ತಿಂಗಳು ನಡೆಯಿತು. ನಡೆದವರು ಗಮನ ಮತ್ತು ಹಿಡಿತ ಬೇಕಾದ ಕೆಲಸಗಳಲ್ಲಿ ಮುಂದೆ ಬಂದರು. ಆ ಎರಡನೇ ಗುಂಪನ್ನು ಇಟ್ಟಿದ್ದು ಏಕೆ ಎಂಬುದು ನನಗೆ ಈಗ ಚೆನ್ನಾಗಿ ಅರ್ಥವಾಗುತ್ತಿದೆ. ಅವರಿಗೂ ಪರೀಕ್ಷೆಯ ಅಭ್ಯಾಸ ಅಷ್ಟೇ ಆಗಿರುತ್ತದೆ. ಜನ ಸೇರುವುದು, ಹುರುಪು, ಯಾರೋ ನಮ್ಮನ್ನು ಗಮನಿಸುತ್ತಿದ್ದಾರೆ ಎಂಬ ಭಾವ ಎಲ್ಲವೂ ಸಮ. ಅವೆಲ್ಲ ಕಳೆದ ಮೇಲೆ ಉಳಿದದ್ದೇ ಓಟದ್ದು, ನಡಿಗೆಯದ್ದು.

ನಮ್ಮಂತೆ ಇನ್ನೂ ಕೆಲಸ ಮಾಡುವ ವಯಸ್ಸಿನವರ ಬಗ್ಗೆ ಓದಬೇಕೆಂದರೆ 2019ರ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಯೋಗ ನೋಡಿ. ಯಾಕೋವ್ ಸ್ಟರ್ನ್ ತಂಡದ್ದು. 20ರಿಂದ 67 ವಯಸ್ಸಿನ 132 ಜನ, ಆರು ತಿಂಗಳು, ಇಲ್ಲೂ ಹೋಲಿಕೆಗೆ ಮೈ ಎಳೆಯುವ ಗುಂಪೇ. ಏರೋಬಿಕ್ ಗುಂಪಿನವರಲ್ಲಿ ಯೋಜನೆ, ಹಿಡಿತಕ್ಕೆ ಸಂಬಂಧಿಸಿದ ಅಂಕ ಏರಿತು. ವಯಸ್ಸು ಹೆಚ್ಚಿದಷ್ಟೂ ಲಾಭ ಜಾಸ್ತಿ. 40 ವಯಸ್ಸಿನಲ್ಲಿ ಸುಮಾರು 0.23 ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), 60ರಲ್ಲಿ ಸುಮಾರು 0.6. ನೆನಪು, ವೇಗದಂಥ ಬೇರೆ ಸಾಮರ್ಥ್ಯಗಳು ಹಾಗೆ ಏರಲಿಲ್ಲ. ಇನ್ನೊಂದು ಕಡೆ 2023ರಲ್ಲಿ ಗ್ರನಾಡಾ ವಿಶ್ವವಿದ್ಯಾಲಯದವರು ಆರೋಗ್ಯವಂತರ ಮೇಲಿನ 109 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ಮತ್ತೆ ಲೆಕ್ಕ ಮಾಡಿದರು. ಸಣ್ಣ ಲಾಭ ಕಂಡಿತು. ಆದರೆ ಹೋಲಿಕೆಯ ಗುಂಪು ಸುಮ್ನೆ ಕೂತಿತ್ತೇ, ಶುರುವಿನಲ್ಲೇ ಗುಂಪುಗಳ ನಡುವೆ ವ್ಯತ್ಯಾಸ ಇತ್ತೇ, ಒಳ್ಳೆಯ ಫಲಿತಾಂಶಗಳು ಮಾತ್ರ ಅಚ್ಚಾಗಿವೆಯೇ ಎಂದೆಲ್ಲ ಲೆಕ್ಕಕ್ಕೆ ಹಿಡಿದಾಗ ಆ ಲಾಭ ಹೆಚ್ಚುಕಡಿಮೆ ಕರಗಿಹೋಯಿತು.

ಎರಡನ್ನೂ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಲಾಭ ಇದ್ದರೆ ಅದು ಚಿಕ್ಕದು. ವಯಸ್ಸಾದವರಲ್ಲಿ, ಮೊದಲು ಅಷ್ಟಾಗಿ ಮೈ ಬಗ್ಗಿಸದವರಲ್ಲಿ ಅದು ಜಾಸ್ತಿ ಕಾಣಬಹುದು. ಅಷ್ಟು ಚಿಕ್ಕದನ್ನು ಹಿಡಿಯಬೇಕಾದರೆ ಅಳತೆಗೋಲು ಅದಕ್ಕಿಂತ ನಯವಾಗಿರಬೇಕು ಅಲ್ವಾ?

ಅಳತೆಗೋಲಿನ ಮಾತು ಬಂತು, ಹಾರ್ಡ್‌ವೇರ್ ಸಂಕಟವನ್ನೂ ಹೇಳಿಬಿಡುತ್ತೇನೆ. 60 ಹರ್ಟ್ಸ್ ಪರದೆ ಹೊಸ ಚಿತ್ರ ತೋರಿಸುವುದು 16.7 ಮಿಲಿಸೆಕೆಂಡಿಗೆ ಒಮ್ಮೆ. ಸಾಮಾನ್ಯ ಯು.ಎಸ್.ಬಿ. ಕೀಬೋರ್ಡನ್ನು ಕಂಪ್ಯೂಟರ್ ವಿಚಾರಿಸುವುದು 8 ಮಿಲಿಸೆಕೆಂಡಿಗೆ ಒಮ್ಮೆ. ನಾವು ಹುಡುಕುತ್ತಿರುವ ಬದಲಾವಣೆಯೂ ಹೆಚ್ಚುಕಡಿಮೆ ಇಷ್ಟೇ ಗಾತ್ರದ್ದು. ಹಾಗಾಗಿ ಬಾಣ ನಿಜವಾಗಿ ಬೆಳಗಿದ ಕ್ಷಣ ಹಿಡಿಯಲು ಪರದೆಯ ಮೂಲೆಗೆ ಬೆಳಕು ಗುರುತಿಸುವ ಫೋಟೋಡಯೋಡ್ ಅಂಟಿಸಿ, 32ಯು4 ಚಿಪ್ ಇರುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಜೋಡಿಸಿ, ಗುಂಡಿಗಳನ್ನೂ ಅದಕ್ಕೇ ಕೊಡುವುದು ಎಂದು ತೀರ್ಮಾನಿಸಿದೆ. ಎರಡೂ ಒಂದೇ ಗಡಿಯಾರದಲ್ಲಿ ದಾಖಲಾದರೆ ಕಂಪ್ಯೂಟರಿನ ಹಂಗೇ ಇರುವುದಿಲ್ಲ.

ಆರ್ಡರ್ ಮಾಡಿದ್ದು ಪಾರದರ್ಶಕ ಮೈಯ ಬಿಪಿಡಬ್ಲ್ಯು34 ಫೋಟೋಡಯೋಡ್. ಬಂದದ್ದು ಕಪ್ಪು ಮೈಯದು. ಕಪ್ಪು ಬಣ್ಣ ಚಂದಕ್ಕೆ ಹಾಕಿದ್ದಲ್ಲ ಸ್ವಾಮಿ, ಅದು ಹಗಲಿನ ಬೆಳಕನ್ನು ತಡೆಯುವ ಸೋಸು. ರಿಮೋಟಿನ ಅವಕೆಂಪು ಕಿರಣವನ್ನು ಮಾತ್ರ ಒಳಗೆ ಬಿಡುತ್ತದೆ. ನಮ್ಮ ಎಲ್ಇಡಿ ಪರದೆಯಿಂದ ಅವಕೆಂಪು ಹೊರಡುವುದು ತೀರಾ ಕಡಿಮೆ. ಪರದೆಯನ್ನು ಪೂರ್ತಿ ಬಿಳಿ ಮಾಡಿದರೂ ಡಯೋಡ್ ಕಣ್ಣು ಬಿಡಲಿಲ್ಲ. ಟಿ.ವಿ. ರಿಮೋಟ್ ಒತ್ತಿದ ಕೂಡಲೇ ಕುಣಿಯಿತು! ಅಂಗಡಿಗೆ ಫೋನ್ ಮಾಡಿದರೆ, 'ಎರಡೂ ಒಂದೇ ಸಾರ್, ಬಣ್ಣ ಅಷ್ಟೇ ಬೇರೆ' ಎಂಬ ಉತ್ತರ. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ, ಪೊಟ್ಟಣ ಒಡೆದಿದೆಯಂತೆ. ಪೊಟ್ಟಣ ಒಡೆಯದೆ ಒಳಗಿನ ಬಣ್ಣ ನೋಡುವುದು ಹೇಗೆ? ಕೊನೆಗೆ ಬೆಂಗಳೂರಿಗೆ ಹೋಗುತ್ತಿದ್ದ ಗೆಳೆಯನ ಕೈಲಿ ಎಸ್.ಪಿ. ರೋಡಿನಿಂದ ತರಿಸಿಕೊಂಡೆ. ಅವನು ಅಂಗಡಿಯಲ್ಲೇ ಮೊಬೈಲ್ ಟಾರ್ಚ್ ಹಿಡಿದು, ಮೀಟರಿನಲ್ಲಿ ಪರೀಕ್ಷಿಸಿ ತಂದ. ನೀವೂ ಹಾಗೇ ಮಾಡಿ. ಬೆಳಕಿನ ಅವಲಂಬಿ ರೆಸಿಸ್ಟರ್ ಸಾಕಲ್ಲ ಎನ್ನುವವರಿಗೆ ಒಂದು ಮಾತು: ಅದು ಬಹಳ ನಿಧಾನ. ಬೆಳಕು ಬದಲಾದದ್ದು ಅದಕ್ಕೆ ತಿಳಿಯಲು ಹತ್ತಾರು ಮಿಲಿಸೆಕೆಂಡ್ ಬೇಕು.

ಈ ಬೋರ್ಡ್ ಕೈಗೆ ಬಂದ ಮೇಲೆ ಇನ್ನೊಂದು ಯೋಜನೆ ತಲೆಗೆ ಹೊಕ್ಕಿದೆ. ನನ್ನ ಅತ್ತಿಗೆ ನರ್ಸ್, ರಾತ್ರಿ ಪಾಳಿ ಇರುತ್ತದೆ. ಕೆಲಸದ ನಡುವೆ ಅವರು ಲ್ಯಾಪ್‌ಟಾಪ್ ಮುಂದೆ ಕೂರುವುದು ಸಾಧ್ಯವೇ ಇಲ್ಲ. ಅವರಿಗಾಗಿ ಅಂಗೈ ಅಗಲದ ಪಿ.ವಿ.ಟಿ. (ಎಚ್ಚರ ಅಳೆಯುವ ಪರೀಕ್ಷೆ) ಪೆಟ್ಟಿಗೆ ಮಾಡಬೇಕು. ನಾಲ್ಕಂಕಿಯ ಕೆಂಪು ಡಿಸ್‌ಪ್ಲೇ, ಒಂದು ಗುಂಡಿ, ಬ್ಯಾಟರಿ, ಅಷ್ಟೇ. ಅಂಕಿ ಓಡತೊಡಗಿದ ಕೂಡಲೇ ಒತ್ತಬೇಕು. ಮೂಲ ಪಿ.ವಿ.ಟಿ. 1985ರದ್ದು, 10 ನಿಮಿಷ ಹಿಡಿಯುತ್ತದೆ. ವಾರ್ಡಿನಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? 2011ರಲ್ಲಿ ಬಂದ 3 ನಿಮಿಷದ ರೂಪ ಇದಕ್ಕೆ ಸರಿ. ಅದರಲ್ಲಿ 355 ಮಿಲಿಸೆಕೆಂಡ್ ದಾಟಿದರೆ ಗಮನ ಜಾರಿತು ಎಂದು ಲೆಕ್ಕ. ಕುರ್ಚಿಯಲ್ಲಿ ಕೂರುವವರನ್ನು ಮಾತ್ರ ಅಳೆದು 'ದುಡಿಯುವವರು' ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಇಡೀ ಪಾಳಿ ನಿಂತೇ ಇರುವವರಿಗೆ ಮತ್ತೆ ಓಡಿ ಎನ್ನುವುದರಲ್ಲಿ ಅರ್ಥ ಇದೆಯೇ ಎಂಬುದನ್ನೂ ನೋಡಬೇಕು. ಮುಚ್ಚಳ ಮರದ್ದೋ ಅಕ್ರಿಲಿಕ್ಕೋ ಎಂಬ ಚರ್ಚೆ ಮನೆಯಲ್ಲಿ ನಡೆಯುತ್ತಿದೆ.

ಮತ್ತೆ ಅಭ್ಯಾಸಬಲಕ್ಕೆ ಬರೋಣ. ನಾವು ಆರೇ ಜನ. ಮೂವರಿಗೆ ಓಟ, ಮೂವರಿಗೆ ಮೈ ಎಳೆಯುವುದು ಎಂದು ಹಂಚಿದರೆ ಒಬ್ಬರ ನಿದ್ದೆ ಕೆಟ್ಟರೂ ಸರಾಸರಿ ಬುಡಮೇಲು. ಅದಕ್ಕೇ ಒಬ್ಬೊಬ್ಬರನ್ನೂ ಅವರವರ ಜೊತೆಗೇ ಹೋಲಿಸುವ ದಾರಿ ಹಿಡಿದೆವು. ಓಟ ಶುರು ಮಾಡುವ ಮುಂಚೆ ಎಲ್ಲರೂ ಪರೀಕ್ಷೆಯನ್ನು ಬೇಸರ ಬರುವಷ್ಟು ಅಭ್ಯಾಸ ಮಾಡಬೇಕು. ಅಂಕ ಏರುವುದು ನಿಲ್ಲುವವರೆಗೆ ಯಾರೂ ಓಡುವಂತಿಲ್ಲ. ಆಮೇಲೆ ಒಬ್ಬೊಬ್ಬರು ಬೇರೆ ಬೇರೆ ವಾರ ಶುರು ಮಾಡಬೇಕು. ಯಾರು ಯಾವಾಗ ಎಂಬುದನ್ನು ಸ್ಟೀಲ್ ಲೋಟದಲ್ಲಿ ಚೀಟಿ ಹಾಕಿ ಎತ್ತಿದೆವು. ಹುರುಪು ಜಾಸ್ತಿ ಇರುವವರೇ ಮೊದಲು ಓಡಿಬಿಟ್ಟರೆ ಹುರುಪಿನದ್ದೆಷ್ಟು, ಓಟದ್ದೆಷ್ಟು ಎಂದು ಬಿಡಿಸಲಾಗುವುದಿಲ್ಲ. ಚೀಟಿ ಆ ಜಗಳವನ್ನು ತಪ್ಪಿಸುತ್ತದೆ.

ಇದರ ಸೊಗಸು ನೋಡಿ. ಅಭ್ಯಾಸದಿಂದ ಏರಿದ್ದಾದರೆ ಎಲ್ಲರ ಗೆರೆಯೂ ಒಟ್ಟಿಗೆ ಏರಬೇಕು. ಕಚೇರಿಯಲ್ಲಿ ಕೆಲಸ ಹಗುರವಾಗಿ ಅಂಕ ಏರಿದ್ದಾದರೂ ಒಟ್ಟಿಗೇ ಏರಬೇಕು. ಓಟದಿಂದ ಆದದ್ದಾದರೆ ಮಾತ್ರ ಒಬ್ಬೊಬ್ಬರ ಗೆರೆ ಅವರವರ ಚೀಟಿಯ ವಾರದಿಂದ ಈಚೆಗೆ ಮೆಟ್ಟಿಲು ಹತ್ತಬೇಕು. ಆರೇ ಜನರಿದ್ದರೂ ಈ ತರ್ಕ ನಿಲ್ಲುತ್ತದೆ.

ಜೊತೆಗೆ ಕೆಲವು ಕಟ್ಟುನಿಟ್ಟು. ಪರೀಕ್ಷೆ ಮಧ್ಯಾಹ್ನ ಊಟ ಆದ ಮೇಲೆ, ಒಂದೇ ಹೊತ್ತಿಗೆ. ಓಡಿದ ಕೂಡಲೇ ಅಳೆಯುವುದು ಬೇಡ. ಓಡಿ ಬಂದ ಹೊಸತರಲ್ಲಿ ಮಿದುಳಿಗೆ ಒಂದು ತಾತ್ಕಾಲಿಕ ಚುರುಕು ಬರುತ್ತದೆ. ಅದು ವಾರಗಟ್ಟಲೆ ತರಬೇತಿಯಿಂದ ಬರುವ ಬದಲಾವಣೆಗಿಂತ ಬೇರೆ. ಫಿಲ್ಟರ್ ಕಾಫಿ ಪರೀಕ್ಷೆ ಮುಗಿದ ಮೇಲೆಯೇ. ಈ ನಿಯಮಕ್ಕೆ ಬಂದಷ್ಟು ವಿರೋಧ ಬೆಳಗ್ಗೆ ಏಳುವುದಕ್ಕೂ ಬರಲಿಲ್ಲ. ಓಟ ಮೈಗೆ ಹತ್ತಿದೆಯೇ ಎಂದು ನೋಡಲು 12 ನಿಮಿಷದ ಕೂಪರ್ ಓಟ ಇದ್ದೇ ಇದೆ. ಅದರಲ್ಲಿ 100 ಮೀಟರ್ ಜಾಸ್ತಿ ಓಡಿದರೆ ಆಮ್ಲಜನಕ ಬಳಸುವ ಸಾಮರ್ಥ್ಯ ನಿಮಿಷಕ್ಕೆ, ಕಿಲೋ ತೂಕಕ್ಕೆ ಸುಮಾರು 2.2 ಮಿಲಿಲೀಟರ್ ಏರಿದ ಲೆಕ್ಕ. ಎದೆಗೂ ಕಾಲಿಗೂ ತಟ್ಟದ ತರಬೇತಿ ಮಿದುಳಿಗೆ ತಟ್ಟೀತೆಂದು ಕಾಯುವುದರಲ್ಲಿ ಅರ್ಥವಿಲ್ಲ.

ಈಗ ಸ್ಥಿತಿ ಏನು? ಮೊದಲ ಚೀಟಿಗಳು ತೆರೆದಿವೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರ ಅಡ್ಡಿಯ ತೆರಿಗೆ ಅವರ ಚೀಟಿಯ ವಾರ ಕಳೆದು ಸ್ವಲ್ಪ ಕಾಲಕ್ಕೆ ಇಳಿಯತೊಡಗಿತು, ಇಳಿದಲ್ಲೇ ನಿಂತಿದೆ. ಅದೇ ಹೊತ್ತಿನಲ್ಲಿ ಇನ್ನೂ ಓಡದವರ ಗೆರೆ ಅಲ್ಲಾಡಿಲ್ಲ. ಗ್ರಾಫ್ ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ! ಅವರ ಹಿಂದೆಯೇ ಶುರು ಮಾಡಿದ ಕಿರಿಯರೊಬ್ಬರಲ್ಲಿ ಫ್ಲಾಂಕರ್ ಎಲ್ಲಿತ್ತೋ ಅಲ್ಲೇ ಇದೆ. ಎನ್-ಬ್ಯಾಕ್ ಯಾರಲ್ಲೂ ಮಿಸುಕಿಲ್ಲ. ಪಿ.ವಿ.ಟಿ.ಯಲ್ಲಿ ಮಾತ್ರ ಇಬ್ಬರಲ್ಲೂ ಊಟದ ನಂತರದ ಜಾರುವಿಕೆಗಳು, ಅಂದರೆ ಮೂಲ ಪಿ.ವಿ.ಟಿ.ಯ ಲೆಕ್ಕದಲ್ಲಿ ಅರ್ಧ ಸೆಕೆಂಡ್ ದಾಟಿದ ಉತ್ತರಗಳು, ಕಡಿಮೆಯಾಗಿವೆ. ಪಿ.ವಿ.ಟಿ.ಗೆ ಅಭ್ಯಾಸಬಲ ತೀರಾ ಕಡಿಮೆ, ಹಾಗಾಗಿ ಅದರ ಮಾತಿಗೆ ನಾನು ತೂಕ ಕೊಡುತ್ತೇನೆ.

ಆದರೆ ಪಿ.ವಿ.ಟಿ. ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುವುದು ನಿದ್ದೆಯ ಕೊರತೆಯನ್ನು. ಓಡತೊಡಗಿದ ಮೇಲೆ ಇಬ್ಬರೂ ರಾತ್ರಿ ಬೇಗ ಮಲಗುತ್ತಿದ್ದಾರೆ. ಹಾಗಾದರೆ ಮಿದುಳಿಗೆ ತಟ್ಟಿದ್ದು ಓಟವೇ, ಓಟ ತಂದುಕೊಟ್ಟ ನಿದ್ದೆಯೇ? ಇಲಿಗಳು ಚಕ್ರದಲ್ಲಿ ಓಡಿದಾಗ ಅವುಗಳ ಹಿಪೊಕ್ಯಾಂಪಸ್‌ನಲ್ಲಿ (ನೆನಪಿಗೆ ಬೇಕಾದ ಮಿದುಳಿನ ಭಾಗ) ನರಕೋಶಗಳನ್ನು ಪೋಷಿಸುವ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನ್ ಹೆಚ್ಚುತ್ತದೆ ಎಂದು 1995ರಿಂದಲೂ ಗೊತ್ತಿದೆ. ಅದನ್ನು ನಮ್ಮ ಕಚೇರಿಯಲ್ಲಿ ಅಳೆಯಲಾಗದು. ಮಲಗಿದ ಹೊತ್ತು, ಎದ್ದ ಹೊತ್ತನ್ನಂತೂ ಬರೆದಿಡಬಹುದು. ಗೋಡೆಗೆ ಹಾಳೆ ಅಂಟಿಸಿ ಶುರು ಮಾಡಿದ್ದೇವೆ, ಇನ್ನೂ ಓಡದವರೂ ಬರೆಯುತ್ತಿದ್ದಾರೆ. ಓಡದೆಯೇ ಬೇಗ ಮಲಗುವ ಒಂದು ಹಂತವನ್ನೂ ನಡುವೆ ಸೇರಿಸಬೇಕೆಂದಿದ್ದೇನೆ. ಇದಕ್ಕೆ ಮಾತ್ರ ಎಲ್ಲರೂ ಒಂದೇ ಸಲಕ್ಕೆ ಕೈ ಎತ್ತಿದರು.

ಲೋಟದಲ್ಲಿ ಇನ್ನೂ ಚೀಟಿಗಳಿವೆ. ಮುಂದಿನದು ತಾಳ ಹಾಕುವವರದ್ದು. ಅವರಿಗೆ ಕೆರೆ ಏರಿ ಬೇಡವಂತೆ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರಂತೆ. ನಾಡಿಬಡಿತ ಅದೇ ವಲಯದಲ್ಲಿ ಉಳಿಯುವುದಾದರೆ ಹತ್ತಲಿ ಎಂದಿದ್ದೇನೆ. ನಂದಿಯವರೆಗೆ ಎದೆಪಟ್ಟಿ ಕಟ್ಟಿಕೊಂಡು ಒಮ್ಮೆ ಹತ್ತಿ ನೋಡಿ ಆಮೇಲೆ ತೀರ್ಮಾನ.