ಕರ್ಜನ್ ಪಾರ್ಕಿನಿಂದ ಕರ್ಜನ್ ಮನೆಗೆ: ಕೆಡಲ್‌ಸ್ಟನ್ ಹಾಲ್ ನೋಡಲು ಹೋಗುವವರಿಗೆ

ಮೊದಲು ಬಸ್ಸಿನ ವಿಷಯ ಹೇಳಿಬಿಡುತ್ತೇನೆ, ಮನೆಯ ಕಥೆ ಆಮೇಲೆ. ಇಂಗ್ಲೆಂಡಿನ ಡರ್ಬಿ ಊರಿನಿಂದ (ಅಲ್ಲಿನವರ ಬಾಯಲ್ಲಿ ಡಾರ್ಬಿ) ಕೆಡಲ್‌ಸ್ಟನ್ ಹಾಲ್‌ಗೆ ಸುಮಾರು ಐದು ಮೈಲಿ. ಅಷ್ಟೇ ತಾನೇ ಅಂತ ನಾನು, ನಮ್ಮ ಯಜಮಾನರು ಬಸ್ ಹತ್ತಿದೆವು. ಕೆಡಲ್‌ಸ್ಟನ್ ಅಂದಾಗ ಡ್ರೈವರ್ ತಲೆಯಾಡಿಸಿದ. ಅವನು ಇಳಿಸಿದ ಕಡೆ ಒಂದು ಬೇಲಿ, ನಾಲ್ಕು ಕುರಿ ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿಂದ ಮುಕ್ಕಾಲು ಗಂಟೆ ನಡೆದೆವು. ಫುಟ್‌ಪಾತ್ ಇಲ್ಲ. ಕಾರು ಬಂದಾಗಲೆಲ್ಲ ಮುಳ್ಳಿನ ಗಿಡಕ್ಕೆ ಒತ್ತಿಕೊಂಡು ನಿಲ್ಲಬೇಕು. ನನ್ನ ಸೀರೆಯ ಅಂಚು ಎರಡು ಕಡೆ ಕಿತ್ತು ಬಂತು.

ಇಷ್ಟು ಕಷ್ಟಪಟ್ಟು ಹೋದರೆ ಆ ದಿನ ತೋಟ ಮಾತ್ರ ತೆರೆದಿತ್ತು, ಮನೆ ಮುಚ್ಚಿತ್ತು. ತಪ್ಪು ನಮ್ಮದೇ, ನೋಡಿಕೊಂಡು ಹೋಗಿರಲಿಲ್ಲ. ಅಲ್ಲಿ ತೋಟದ ವೇಳೆ ಬೇರೆ, ಮನೆಯ ವೇಳೆ ಬೇರೆ. ವಾಪಸ್ ಬರಲು ಫೋನಿಗೆ ಸಿಗ್ನಲ್ ಇಲ್ಲ. ಯಾರನ್ನೋ ಬಿಡಲು ಬಂದಿದ್ದ ಟ್ಯಾಕ್ಸಿಯವನು ನಮ್ಮ ಮುಖ ನೋಡಿಯೇ ರೇಟು ಹೇಳಿದ ಅನ್ನಿಸುತ್ತೆ. ಹಗಲುದರೋಡೆ. ಹೋಗುವಾಗಲೇ ಬರುವ ಗಾಡಿಯನ್ನೂ ಗೊತ್ತು ಮಾಡಿಕೊಳ್ಳಿ.

ಎರಡನೇ ಸಲ ನಾಟಿಂಗ್‌ಹ್ಯಾಮ್‌ನಲ್ಲಿರುವ ಮಗಳು ಕಾರಿನಲ್ಲಿ ಕರೆದುಕೊಂಡು ಹೋದಳು.

ಅಷ್ಟು ದೂರ ಹೋಗಿ ಇದೇ ಮನೆ ಯಾಕೆ ಅಂತ ಕೇಳಬಹುದು. ನಾವು ಮೈಸೂರಿನವರು. ಅರಮನೆ ಹತ್ತಿರದ ಕರ್ಜನ್ ಪಾರ್ಕಿನ ಮುಂದೆ ಓಡಾಡಿಕೊಂಡು ಬೆಳೆದವರು. ಆ ಕರ್ಜನ್ ಹುಟ್ಟಿದ ಮನೆ ಇದು. 1902ರ ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿಕೊಟ್ಟಿದ್ದು ಇದೇ ವೈಸ್‌ರಾಯ್ ಕರ್ಜನ್.

ಕರ್ಜನ್ ಮನೆತನ ಈ ಜಾಗದಲ್ಲಿ ಎಂಟು ಶತಮಾನಕ್ಕೂ ಮೇಲ್ಪಟ್ಟು ಇದೆ. ಈಗಿನ ಮನೆ 1759ರಲ್ಲಿ ಶುರುವಾಗಿದ್ದು, ಕಟ್ಟಿಸಿದವರು ಸರ್ ನಥಾನಿಯಲ್ ಕರ್ಜನ್. ಮ್ಯಾಥ್ಯೂ ಬ್ರೆಟಿಂಗ್‌ಹ್ಯಾಮ್, ಜೇಮ್ಸ್ ಪೇನ್ ಅಂತ ಇಬ್ಬರು ವಾಸ್ತುಶಿಲ್ಪಿಗಳು ಮೊದಲು ಕೆಲಸ ಮಾಡಿದರು. ರಾಬರ್ಟ್ ಆಡಮ್ ಬಂದಿದ್ದು ತೋಟದ ಕಟ್ಟಡಗಳಿಗೆ ಅಂತ. ಸ್ವಲ್ಪ ದಿನದಲ್ಲೇ ಇಡೀ ಮನೆಯ ಕೆಲಸ ಅವನ ಕೈಗೆ ಬಂತು. ಮನೆಯಿಂದ ಕಾಣುವ ನೋಟಕ್ಕೆ ಅಡ್ಡ ಅಂತ ಅಲ್ಲಿದ್ದ ಊರನ್ನೇ ಬೇರೆ ಕಡೆಗೆ ಸಾಗಿಸಿದರು. ಹಳೇ ಚರ್ಚು ಮಾತ್ರ ಉಳಿಯಿತು. ನಮ್ಮಲ್ಲಿ ಕನ್ನಂಬಾಡಿ ಊರು ಹೋಯಿತು, ಆದರೆ ಅದು ನೀರಿಗಾಗಿ. ಇಲ್ಲಿ ಕಿಟಕಿಯಿಂದ ಚೆನ್ನಾಗಿ ಕಾಣಲಿ ಅಂತ! ಆ ಹುಲ್ಲಿನ ಮೇಲೆ ನಡೆಯುವಾಗ ನನಗೆ ಇದೇ ಯೋಚನೆ.

ಒಳಗೆ ಹೋದ ಕೂಡಲೇ ಮಾರ್ಬಲ್ ಹಾಲ್. ಅಲಬಾಸ್ಟರ್ ಅನ್ನುವ ಮೆತ್ತನೆ ಕಲ್ಲಿನ 20 ಕಂಬಗಳು, ಬೆಳಕು ಬೀಳುವುದು ಮೇಲಿನಿಂದ. ಅದರ ಹಿಂದೆ 62 ಅಡಿ ಎತ್ತರದ ಗುಮ್ಮಟದ ಸಲೂನ್, ಅಂದರೆ ಅತಿಥಿಗಳನ್ನು ಬರಮಾಡಿಕೊಳ್ಳುವ ದೊಡ್ಡ ಕೋಣೆ. ಸಲೂನ್ ಅಂದ ತಕ್ಷಣ ನಮ್ಮ ಯಜಮಾನರು ತಲೆ ಸವರಿಕೊಂಡರು. ದೊಡ್ಡ ಗಾತ್ರದ ಈ ನಡುಮನೆ ಇರಲು ಕಟ್ಟಿದ್ದಲ್ಲ, ತೋರಿಸಲು ಕಟ್ಟಿದ್ದು. ಮನೆಯವರು ಇರುತ್ತಿದ್ದುದು ಪಕ್ಕದ ರೆಕ್ಕೆಯಲ್ಲಿ, ಅಂದರೆ ನಡುಮನೆಗೆ ಅಂಟಿಕೊಂಡ ಪಕ್ಕದ ಕಟ್ಟಡದಲ್ಲಿ. ಆಗಲೇ ಪ್ರವಾಸಿಗರು ಬರುತ್ತಿದ್ದರಂತೆ. 1777ರಲ್ಲಿ ಇಂಗ್ಲಿಷ್ ನಿಘಂಟು ಬರೆದ ಡಾಕ್ಟರ್ ಜಾನ್ಸನ್ ಕೂಡ ಬಂದಿದ್ದರು. ಮನೆ ಸುತ್ತಿಸಿ ತೋರಿಸುತ್ತಿದ್ದ ಮಿಸೆಸ್ ಗಾರ್ನೆಟ್ ಎಂಬ ಮೇಲ್ವಿಚಾರಕಿಯ ಚಿತ್ರವನ್ನು ಹುಡುಕಿ ನೋಡಿ. ದೊರೆಗಳ ಚಿತ್ರಕ್ಕಿಂತ ನನಗೆ ಅವಳ ಮುಖವೇ ಹಿಡಿಸಿತು.

ನನ್ನನ್ನು ಬೆರಗುಗೊಳಿಸಿದ್ದು ಬೇರೆ. ನಕ್ಷೆಯಲ್ಲಿ ನಾಲ್ಕು ರೆಕ್ಕೆ ಇತ್ತು, ಕಟ್ಟಿದ್ದು ಎರಡೇ. ಕಲ್ಕತ್ತೆಯ ಗವರ್ನಮೆಂಟ್ ಹೌಸ್, ಅಂದರೆ 2025ರವರೆಗೆ ರಾಜಭವನ ಅನ್ನಿಸಿಕೊಂಡಿದ್ದ ಈಗಿನ ಲೋಕಭವನ, ಇದೇ ಮನೆಯ ಮಾದರಿ. ಅಲ್ಲಿ ನಾಲ್ಕೂ ರೆಕ್ಕೆ ಇವೆ! 1799ರಿಂದ 1803ರವರೆಗೆ ಅದನ್ನು ಕಟ್ಟಿಸಿದ್ದು ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿ. ಅದೇ 1799ರಲ್ಲಿ ಅವನ ಸೈನ್ಯ ನಮ್ಮ ಶ್ರೀರಂಗಪಟ್ಟಣವನ್ನು ಹಿಡಿದಿತ್ತು. ನೂರು ವರ್ಷ ಕಳೆದು, 1899ರಲ್ಲಿ ಕರ್ಜನ್ ವೈಸ್‌ರಾಯ್ ಆಗಿ ಹೋಗಿ, ತನ್ನ ಮನೆಯ ನಕಲಿನಲ್ಲಿ ಸಂಸಾರ ಹೂಡಿದ. ನಕಲು ಪೂರ್ತಿಯಾಗಿತ್ತು, ಅಸಲು ಇವತ್ತಿಗೂ ಅರ್ಧ.

ಕೆಳಗಿನ ಮ್ಯೂಸಿಯಂನಲ್ಲಿ ಅವನು ಏಷ್ಯಾದಲ್ಲಿ ಸೇರಿಸಿದ ಬೆಳ್ಳಿ, ದಂತ, ಆಯುಧಗಳಿವೆ. ಟಿಪ್ಪುವಿನ ಡೇರೆ ಇಲ್ಲಿಲ್ಲ, ಅದು ವೇಲ್ಸ್‌ನ ಪೋವಿಸ್ ಕ್ಯಾಸಲ್‌ನಲ್ಲಿದೆ. ನಾವು ಸುಮ್ನೆ ಹುಡುಕಿದೆವು. ಆದರೆ ಕರ್ಜನ್ ಹೆಂಡತಿ ಮೇರಿ 1903ರ ದೆಹಲಿ ದರ್ಬಾರಿನಲ್ಲಿ ಉಟ್ಟ ನವಿಲುಗರಿ ಗೌನ್ ಇದೆ. ಜರ್ದೋಸಿ ಕೆಲಸ ನಮ್ಮ ದೇಶದ ಕಸೂತಿಗಾರರದ್ದು, ಹೊಲಿಗೆ ಪ್ಯಾರಿಸ್ಸಿನದ್ದು. ನವಿಲುಗರಿಯ ಕಣ್ಣುಗಳಲ್ಲಿ ಹೊಳೆಯುವುದು ಪಚ್ಚೆ ಕಲ್ಲಲ್ಲ, ಜೀರುಂಡೆಯ ರೆಕ್ಕೆ. ಮೈಸೂರು ಸಿಲ್ಕಿನ ಜರಿ ನೋಡಿದ ಕಣ್ಣು ನನ್ನದು, ಆದರೂ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ಕೋಣೆ ಮಬ್ಬು, ಕಣ್ಣು ಹೊಂದಲು ಎರಡು ನಿಮಿಷ ಕೊಡಿ.

ಚರ್ಚಿನಲ್ಲಿ ಕರ್ಜನ್, ಮೇರಿ ಇಬ್ಬರೂ ಬಿಳಿ ಅಮೃತಶಿಲೆಯಲ್ಲಿ ಮಲಗಿದ್ದಾರೆ. ಸ್ವಲ್ಪ ಜನ ಇದ್ದರು. ದಸರಾ ಜಂಬೂಸವಾರಿ ನೋಡಿದವರಿಗೆ ಅದು ಜನವೇ ಅಲ್ಲ. ನನಗೆ ಕಷ್ಟವಾಗಿದ್ದು ಚಳಿ. ಮಂಡಿ ನೋವಿರುವವರು ಕೆರೆಯ ಸುತ್ತಿನ ದೊಡ್ಡ ದಾರಿ ಬಿಟ್ಟು ಆಡಮ್ ಕಟ್ಟಿಸಿದ ಸೇತುವೆವರೆಗೆ ಹೋಗಿ ಬನ್ನಿ, ಸಾಕು. 1987ರಿಂದ ಈ ಮನೆ ಹಳೇ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ. ಅವರ ಸದಸ್ಯತ್ವ ಇದ್ದರೆ ಟಿಕೆಟ್ ಕೊಳ್ಳಬೇಕಿಲ್ಲ.

ಊಟ ಮಾತ್ರ ಡಾರ್ಬಿಗೆ ಬಂದು ಮಾಡಿ. ಒಂದು ಪುಟ್ಟ ಹೋಟೆಲಿನಲ್ಲಿ ಓಟ್‌ಕೇಕ್ ತಿಂದೆವು. ಹೆಸರು ಕೇಳಿ ಬಿಸ್ಕತ್ತು ಅಂದುಕೊಂಡಿದ್ದೆ. ತಟ್ಟೆಗೆ ಬಂದಿದ್ದು ಸೆಟ್ ದೋಸೆಯ ಅಕ್ಕ! ಓಟ್ಸ್ ಹಿಟ್ಟು ಕಲಸಿ ಹುದುಗು ಬರಿಸಿ, ಕಾವಲಿ ಮೇಲೆ ಹುಯ್ದಿದ್ದು. ಮೇಲೆಲ್ಲ ಸಣ್ಣ ಸಣ್ಣ ತೂತು, ಅಂಚು ಕಂದು. ಒಳಗೆ ಅಣಬೆ, ಚೀಸ್ ಹಾಕಿ ಮಡಚಿ ಕೊಟ್ಟರು. ಇಬ್ಬರ ಹೊಟ್ಟೆ ತುಂಬಿತು, ಆ ಟ್ಯಾಕ್ಸಿಗೆ ಕೊಟ್ಟ ದುಡ್ಡಿನ ಕಾಲು ಭಾಗವೂ ಆಗಲಿಲ್ಲ. ಬಡಿಸಿದ ಅಜ್ಜಿಗೆ ನಮ್ಮಲ್ಲೂ ಇಂಥದ್ದು ಮಾಡುತ್ತೇವೆ ಅಂದೆ. ಹಿಟ್ಟಿಗೆ ಏನು ಹಾಕುತ್ತೀರಿ ಅಂತ ಕೇಳಿ, ಉದ್ದಿನಬೇಳೆಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡರು.

ಒಂದು ಪೊಟ್ಟಣ ಕಟ್ಟಿಸಿಕೊಂಡು ಬಂದೆವು. ಮರುದಿನ ಬೆಳಿಗ್ಗೆ ಕಾವಲಿ ಮೇಲೆ ಬಿಸಿ ಮಾಡಿ, ತುಪ್ಪ, ಚಟ್ನಿಪುಡಿ ಹಾಕಿಕೊಂಡು ತಿಂದೆವು. ಜಾಸ್ತಿ ತರಬೇಡಿ, ಮೂರನೇ ದಿನಕ್ಕೆ ರಟ್ಟು.