ಎರಡನೇ ಮೆಟ್ಟಿಲಿನ ಬೀಗ

ಭಾನುವಾರ ತಂಗಿಯನ್ನು ಹಾಸ್ಟೆಲಿಗೆ ಬಿಟ್ಟು ಬಂದೆ. ರೂಮು ಮೂರನೇ ಮಹಡಿಯಲ್ಲಿ. ಕಿಟಕಿಗೆ ಕಬ್ಬಿಣದ ಸರಳು. ಕೆಳಗಿಳಿಯಲು ಎರಡು ಕಡೆ ಮೆಟ್ಟಿಲಿವೆ, ಆದರೆ ಹಿಂದಿನದಕ್ಕೆ ಬೀಗ. ಅದರ ಮುಂದೆ ಹಳೆ ಹಾಸಿಗೆಗಳ ರಾಶಿ. "ಕಳ್ಳರ ಭಯ, ಅದಕ್ಕೆ" ಅಂದರು. ಕೀಲಿ ವಾರ್ಡನ್ ಹತ್ತಿರ ಇರುತ್ತದೆ, ರಾತ್ರಿ ವಾರ್ಡನ್ ಮನೆಯಲ್ಲಿ ಇರುತ್ತಾರೆ!

ರೂಮಿನಲ್ಲಿ ನೀರು ಕಾಯಿಸುವ ಕಾಯಿಲ್, ಇಂಡಕ್ಷನ್ ಒಲೆ, ಲ್ಯಾಪ್‌ಟಾಪ್, ಎಲ್ಲಾ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ. ಪಾಪ, ಮಕ್ಕಳು ಇನ್ನೇನು ಮಾಡುತ್ತಾರೆ? ಗೋಡೆಯಲ್ಲಿ ಇರುವುದೇ ಒಂದು ಪ್ಲಗ್.

ಬಸ್ಸಿನಲ್ಲಿ ಬರುವಾಗ ಅಮೆರಿಕದ ಸೆಟನ್ ಹಾಲ್ ವಿಶ್ವವಿದ್ಯಾಲಯ ನೆನಪಾಯಿತು. 2000ರ ಜನವರಿ 19ರ ನಸುಕಿನಲ್ಲಿ ಅಲ್ಲಿನ ಹಾಸ್ಟೆಲಿಗೆ ಬೆಂಕಿ ಬಿತ್ತು. 3 ವಿದ್ಯಾರ್ಥಿಗಳು ಸತ್ತರು. ಅಲಾರಂ ಹೊಡೆದಿತ್ತು. ಆದರೆ ಅದಕ್ಕೂ ಮುಂಚೆ ಎಷ್ಟೋ ಸಲ ಸುಮ್ನೆ ಹೊಡೆದಿದ್ದರಿಂದ ಕೆಲವರು ಎದ್ದೇ ಇರಲಿಲ್ಲ. ಅದೇ ವರ್ಷ ಆ ವಿಶ್ವವಿದ್ಯಾಲಯ ಇರುವ ನ್ಯೂಜೆರ್ಸಿ ರಾಜ್ಯದಲ್ಲಿ ಹಾಸ್ಟೆಲುಗಳಿಗೆ ಸ್ಪ್ರಿಂಕ್ಲರ್ (ಬೆಂಕಿ ಬಿದ್ದರೆ ತಾನಾಗಿಯೇ ನೀರು ಚಿಮ್ಮಿಸುವ ವ್ಯವಸ್ಥೆ) ಕಡ್ಡಾಯ ಮಾಡುವ ಕಾನೂನು ಬಂತು. ಅಲಾರಂ ಇದ್ದ ಕಡೆಯೇ ಹೀಗಾಯಿತು. ನಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ಅಲಾರಮೇ ಇಲ್ಲ.

ಇಳಿದ ತಕ್ಷಣ ಫೋನ್ ಮಾಡಿದೆ. ಹೊಗೆ ತುಂಬಿದರೆ ನಿಲ್ಲಬೇಡ, ನೆಲಕ್ಕೆ ಬಗ್ಗಿ ಹೋಗು. ಬಾಗಿಲು ಬಿಸಿ ಇದ್ದರೆ ತೆಗೆಯಬೇಡ. ಲಿಫ್ಟ್ ಬೇಡವೇ ಬೇಡ. 112ಕ್ಕೆ ಕರೆ ಮಾಡು. ಎಲ್ಲಾ ಕೇಳಿದಳು. ಬೀಗದ ಬಗ್ಗೆ ನಾನೇ ವಾರ್ಡನ್‌ಗೆ ಪತ್ರ ಬರೆದೆ.

ಇವತ್ತು ಮೆಸೇಜ್ ಬಂತು: "ಅಕ್ಕಾ, ಬೀಗ ತೆಗೆಸಿದ್ರು. ಹಾಸಿಗೆ ಇನ್ನೂ ಅಲ್ಲೇ ಇವೆ. ಸಂಜೆ ನಾವೇ ಎತ್ತಿಡ್ತೀವಿ."