ದಿಗಿಣದ ಹಿಂದೆ ಆ ಬಣ್ಣದ ಸುಳಿ ಹೇಗೆ ಬಂತು?

ಕುಂಬಳೆ, ಬದಿಯಡ್ಕ ಕಡೆಯ ಯಕ್ಷಗಾನ ಆಟದಲ್ಲಿ ದಿಗಿಣದ, ಅಂದರೆ ಸುತ್ತುತ್ತಾ ಹಾರುವ ಕುಣಿತದ, ಫೋಟೋ ತೋರಿಸಿದಾಗಲೆಲ್ಲ ಒಂದೇ ಪ್ರಶ್ನೆ. "ಅಭಿಮನ್ಯು ದಿಗಿಣ ಹಾರುವಾಗ ಮುಖ ಅಷ್ಟು ಸ್ಪಷ್ಟ, ಹಿಂದೆ ಬಣ್ಣದ ಸುಳಿ. ಎಡಿಟಿಂಗ್ ಅಲ್ವಾ?"

ಅಲ್ಲ. ಒಂದೇ ಕ್ಲಿಕ್ಕು, ಆದರೆ ಅದರೊಳಗೆ ಎರಡು ಬೆಳಕು. ಶಟರ್ ತೆರೆದಿರುವಷ್ಟು ಹೊತ್ತು ರಂಗಸ್ಥಳದ ಬೆಳಕು ಚಲನೆಯನ್ನು ಎಳೆಯುತ್ತದೆ. ಫ್ಲ್ಯಾಶ್ ಒಂದು ಕ್ಷಣವನ್ನು ಹಿಡಿದು ನಿಲ್ಲಿಸುತ್ತದೆ. ಆ ಕ್ಷಣ ಯಾವುದು ಅನ್ನುವುದೇ ಮುಖ್ಯ.

ಶಟರಿಗೆ ಎರಡು ಪರದೆ. ಮೊದಲನೆಯದು ತೆರೆಯುತ್ತದೆ, ಎರಡನೆಯದು ಮುಚ್ಚುತ್ತದೆ. ನಾವೇನೂ ಬದಲಾಯಿಸದಿದ್ದರೆ ಫ್ಲ್ಯಾಶ್ ಹೊಡೆಯುವುದು ಮೊದಲ ಪರದೆ ತೆರೆದ ಕೂಡಲೇ. ಮುಖ ಆಗಲೇ ಅಚ್ಚಾಗುತ್ತದೆ, ವೇಷ ಆಮೇಲೆ ಸಾಗಿದ ಗೆರೆ ಮುಖದ ಮುಂದೆ ಬರುತ್ತದೆ. ನೋಡಿದರೆ ಹಿಂದಕ್ಕೆ ಹಾರಿದ ಹಾಗೆ! ನನ್ನ ಮೊದಲ ವರ್ಷದ ಫೋಟೋಗಳೆಲ್ಲ ಹೀಗೇ ಕೆಟ್ಟವು. ಮೆನುವಿನಲ್ಲಿ 'ರಿಯರ್ ಕರ್ಟನ್' ಅಥವಾ 'ಸೆಕೆಂಡ್ ಕರ್ಟನ್' ಆರಿಸಿ. ಆಗ ಶಟರ್ ಮುಚ್ಚುವ ಮೊದಲು ಫ್ಲ್ಯಾಶ್ ಬರುತ್ತದೆ, ಸುಳಿ ಹಿಂದೆ ಉಳಿಯುತ್ತದೆ.

ನಾನು ಇಡುವುದು ಶಟರ್ 1/15 ಸೆಕೆಂಡು, ಲೆನ್ಸಿನ ಕಿಂಡಿ ಎಫ್ 4, ಬೆಳಕು ಹಿಡಿಯುವ ಸೂಕ್ಷ್ಮತೆ ಅಂದರೆ ಐಎಸ್‌ಒ 800 ಅಥವಾ 1600. ಫ್ಲ್ಯಾಶ್ ಮ್ಯಾನ್ಯುವಲ್‌ನಲ್ಲಿ, ಪೂರ್ತಿ ಶಕ್ತಿಯ 1/16 ಪಾಲು. ಶಕ್ತಿ ಕಡಿಮೆ ಮಾಡಿದಷ್ಟೂ ಹೊಳಪಿನ ಅವಧಿ ಚಿಕ್ಕದು, ಹಾಗಾಗಿ ಗೆಜ್ಜೆ ಕೂಡ ಚೂಪಾಗಿ ಬರುತ್ತದೆ. ಫ್ಲ್ಯಾಶಿನ ಶಕ್ತಿಯನ್ನು ಕ್ಯಾಮೆರಾವೇ ನಿರ್ಧರಿಸುವ ಟಿಟಿಎಲ್‌ನಲ್ಲಿಟ್ಟರೆ ಬೆಳಕು ಅಳೆಯಲು ಮೊದಲೊಂದು ಚಿಕ್ಕ ಫ್ಲ್ಯಾಶ್ ಹೊಡೆಯುತ್ತದೆ. ಕುಣಿಯುವವರ ಕಣ್ಣಿಗೆ ಎರಡು ಸಲ ಯಾಕೆ? ರಂಗದ ದೀಪ ಹಳದಿಯಾಗಿದ್ದರೆ ಫ್ಲ್ಯಾಶಿಗೂ ಕಿತ್ತಳೆ ಬಣ್ಣದ ಜೆಲ್ ಹಾಳೆ ಅಂಟಿಸಿ. ಇಲ್ಲದಿದ್ದರೆ ಮುಖ ನೀಲಿ, ಸುಳಿ ಹಳದಿ.

ಕಷ್ಟದ್ದು ಬೆರಳಿನ ಕೆಲಸ. ಹೊಳಪು ಕೊನೆಗೆ ಬರುವುದರಿಂದ ಕಣ್ಣಿಗೆ ಕಂಡಾಗ ಒತ್ತಿದರೆ ತಡವಾಯಿತು. 1/4 ಸೆಕೆಂಡು ಇಟ್ಟರಂತೂ ಫ್ಲ್ಯಾಶ್ ಬರುವಷ್ಟರಲ್ಲಿ ವೇಷ ತಿರುಗಿ ಬೆನ್ನು ತೋರಿಸಿರುತ್ತದೆ. ಅದಕ್ಕೇ ನಾನು ಚೆಂಡೆ ಕೇಳುತ್ತೇನೆ. ಪೆಟ್ಟು ಬಿಗಿಯಾಗುತ್ತಾ ಬಂದಾಗ ಹಾರುವ ಹೊತ್ತು ಹತ್ತಿರ ಬಂತು ಅಂತ ಕಿವಿಗೆ ಗೊತ್ತಾಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಶಟರ್ ತುಂಬಾ ವೇಗವಾಗಿದ್ದಾಗಲೂ ಫ್ಲ್ಯಾಶ್ ಬಳಸುವ 'ಹೈ ಸ್ಪೀಡ್ ಸಿಂಕ್' ಬಗ್ಗೆಯೂ ಕೇಳುತ್ತಾರೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಬಳಸುವಾಗ ಶಟರ್ ವೇಗ 1/200 ಅಥವಾ 1/250 ಸೆಕೆಂಡು ದಾಟಿದರೆ ಚಿತ್ರದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಅದನ್ನು ತಪ್ಪಿಸಲು ಈ ಮೋಡ್ ಫ್ಲ್ಯಾಶನ್ನು ಬಿಡಿಬಿಡಿಯಾಗಿ ಬೇಗಬೇಗ ಮಿನುಗಿಸುತ್ತದೆ. ಬೆಳಕಿನ ಬಲ ತುಂಬಾ ಕುಗ್ಗುತ್ತದೆ. ಹಗಲಿಗೆ ಸರಿ, ರಾತ್ರಿಯ ಆಟಕ್ಕೆ ಬೇಡ.

ನನಗೆ ತುಂಬಾ ಇಷ್ಟದ್ದು ಮಲ್ಟಿ ಫ್ಲ್ಯಾಶ್, ಅಂದರೆ ಒಂದೇ ಕ್ಲಿಕ್ಕಿನಲ್ಲಿ ಹಲವು ಹೊಳಪು. 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಬೆಳೆಸಿದ ಸ್ಟ್ರೋಬ್ ವಿದ್ಯೆ ಈಗ ನಮ್ಮ ಸಣ್ಣ ಫ್ಲ್ಯಾಶಿನಲ್ಲೂ ಇದೆ. ಸೆಕೆಂಡಿಗೆ 10ರಂತೆ 5 ಹೊಳಪು ಬೇಕಾದರೆ ಶಟರ್ ಅರ್ಧ ಸೆಕೆಂಡು ತೆರೆದಿರಬೇಕು. ಹಿನ್ನೆಲೆ ಕಪ್ಪಾಗಿರಬೇಕು, ಹಾಗಾಗಿ ಬಯಲಾಟದಲ್ಲಿ ಆಗದು. ನಾಟ್ಯ ಕಲಿಯುತ್ತಿರುವ ನನ್ನ ಅಳಿಯನನ್ನು ರಾತ್ರಿ ಅಂಗಳದಲ್ಲಿ ಕಪ್ಪು ಬಟ್ಟೆಯ ಮುಂದೆ ಹಾರಿಸಿದೆ. ಒಂದೇ ಚಿತ್ರದಲ್ಲಿ ಐದು ಹುಡುಗರು! ಮೂರನೆಯ ಹೊಳಪಿನಲ್ಲಿ ಎಡಗಾಲು ಮಡಚಿರಲಿಲ್ಲ. ಅವನೇ ಬೆರಳಿಟ್ಟು ತೋರಿಸಿ, "ಮಾವ, ಇನ್ನೊಮ್ಮೆ ಹಾರುತ್ತೇನೆ" ಅಂದ.

ಆಟಕ್ಕೆ ಹೋದಾಗ ಮೊದಲು ಬಣ್ಣ ಹಚ್ಚುವ ಚೌಕಿಗೆ ಹೋಗಿ ವೇಷಧಾರಿಗಳನ್ನು ಕೇಳಿ. ಬೇಡ ಅಂದರೆ ಫ್ಲ್ಯಾಶ್ ಚೀಲದಲ್ಲೇ ಇರಲಿ. ಭೂತಕೋಲದಲ್ಲಂತೂ ನಾನು ಅದನ್ನು ಹೊರಗೆ ತೆಗೆಯುವುದೇ ಇಲ್ಲ. ಅಲ್ಲಿ ದೀವಟಿಗೆಯ ಬೆಳಕು ಸಾಕು.